ಕೋಶ ತೋರಿಸುವ ಪೆಪ್ಟೈಡ್ ಹಿಡಿಯಲು ಎಚ್‌ಎಲ್‌ಎ ಪ್ರೋಟೀನ್ ತಿದ್ದುವುದು ಹೇಗೆ?

ಮೊದಲು ಒಂದು ಗ್ರಾಫ್ ನೋಡೋಣ. ಕೆಳಗಿನ ಗೆರೆಯಲ್ಲಿ ಪೆಪ್ಟೈಡ್‌ಗಳ, ಅಂದರೆ ಪ್ರೋಟೀನ್‌ನ ಪುಟ್ಟ ತುಣುಕುಗಳ, ಉದ್ದ ಇದೆ, 7ರಿಂದ 15 ಅಮೈನೋ ಆಮ್ಲ. ಪಕ್ಕದ ಗೆರೆಯಲ್ಲಿ ಎಷ್ಟು ಸಿಕ್ಕವು ಅನ್ನುವ ಲೆಕ್ಕ. 7ರ ಮೇಲೆ ಹೆಚ್ಚುಕಡಿಮೆ ಏನೂ ಇಲ್ಲ. 8ರ ಮೇಲೆ ಪುಟ್ಟ ಕಂಬ. 9ರ ಮೇಲೆ ಕಂಬ ಎದ್ದು ನಿಂತಿದೆ. 10, 11ರಲ್ಲಿ ಕುಗ್ಗಿ, 12 ದಾಟಿದ ಮೇಲೆ ನೆಲ ಹಿಡಿದಿದೆ. ಕೋಶ ತನ್ನ ಮೈಮೇಲೆ ತೋರಿಸುತ್ತಿದ್ದ ಪೆಪ್ಟೈಡ್‌ಗಳನ್ನು ನೀವು ನಿಜವಾಗಿ ಹಿಡಿದಿದ್ದರೆ ಗ್ರಾಫ್ ಹೀಗೇ ಬರುತ್ತದೆ.

ನನ್ನ ಮೊದಲ ಗ್ರಾಫ್ ಹೀಗಿರಲಿಲ್ಲ. 7ರಿಂದ 15ರವರೆಗೆ ಚಪ್ಪಟೆ ದಿಣ್ಣೆ. ನಾಲ್ಕು ತಿಂಗಳ ಕೆಲಸ ಅದು. ಎಲ್ಲಿ ತಪ್ಪಿತು ಅಂತ ಮುಂದೆ ಹೇಳುತ್ತೇನೆ. ಆ ತಪ್ಪು ನಿಮ್ಮ ಕೈಯಲ್ಲಿ ಆಗಬಾರದು ಅಂತಲೇ ಇದನ್ನು ಬರೆಯಲು ಕೂತಿದ್ದು.

ಪ್ರೋಟೀನ್ ತಯಾರಿಕೆ, ಕೋಶ ಬೆಳೆಸುವುದು, ಜೀನ್ ಕ್ಲೋನಿಂಗ್ ಸ್ವಲ್ಪ ಗೊತ್ತಿದ್ದು, ಈ ವಿಷಯಕ್ಕೆ ಹೊಸದಾಗಿ ಕಾಲಿಡುತ್ತಿರುವವರು ನನ್ನ ಮನಸ್ಸಿನಲ್ಲಿದ್ದಾರೆ.

ಶುರು ಮಾಡುವ ಮುನ್ನ: ನಾವು ಹಿಡಿಯುತ್ತಿರುವುದು ಏನನ್ನು?

ಕೋಶದೊಳಗಿನ ಪ್ರೋಟೀನ್‌ಗಳು ಹಳತಾದಾಗ ಅಥವಾ ಕೆಟ್ಟಾಗ ಪ್ರೋಟಿಯಾಸೋಮ್ ಅವನ್ನು ಕತ್ತರಿಸುತ್ತದೆ. ತುಣುಕುಗಳಲ್ಲಿ ಕೆಲವನ್ನು ಟ್ಯಾಪ್ ಎಂಬ ಸಾಗಣೆ ಪ್ರೋಟೀನ್ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗೆ, ಅಂದರೆ ಇಆರ್ ಒಳಕ್ಕೆ ದಾಟಿಸುತ್ತದೆ. ಅಲ್ಲಿ ಎಚ್‌ಎಲ್‌ಎ ಕ್ಲಾಸ್ 1 ಪ್ರೋಟೀನ್ ಕಾಯುತ್ತಿರುತ್ತದೆ. ಇದಕ್ಕೆ ಮೂರು ಭಾಗ: ಒಂದು ಭಾರಿ ಸರಪಳಿ, 99 ಅಮೈನೋ ಆಮ್ಲಗಳ ಬೀಟಾ-2 ಮೈಕ್ರೋಗ್ಲೋಬುಲಿನ್, ಮತ್ತು ಪೆಪ್ಟೈಡ್. ಮೂರೂ ಕೂಡಿದರೆ ಮಾತ್ರ ಅದು ಗಟ್ಟಿಯಾಗಿ ನಿಂತು ಮೇಲ್ಮೈಗೆ ಹೋಗುತ್ತದೆ. ಟಿ ಕೋಶಗಳು ಅದನ್ನು ನೋಡಿ, ಒಳಗೆ ವೈರಸ್ ಇದೆಯೋ ಇಲ್ಲವೋ ಅಂತ ತೀರ್ಮಾನಿಸುತ್ತವೆ.

ಟಿ ಕೋಶ ಬರೀ ವೈರಸ್ಸನ್ನು ನೋಡುವುದಿಲ್ಲ, ತನ್ನದೇ ದೇಹದ ಈ ಪ್ರೋಟೀನ್ ಜೊತೆಗೆ ಸೇರಿಸಿಯೇ ನೋಡುತ್ತದೆ ಅಂತ 1974ರಲ್ಲಿ ತೋರಿಸಿದವರು ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ. 1996ರಲ್ಲಿ ಅವರಿಗೆ ನೊಬೆಲ್ ಬಂತು. ನನಗೆ ಅದಕ್ಕಿಂತ ಇಷ್ಟವಾಗುವುದು 1987ರ ಕಥೆ. ಪಮೇಲಾ ಬ್ಯೋರ್ಕ್‌ಮನ್, ಡಾನ್ ವೈಲಿ ಮತ್ತು ಜೊತೆಗಾರರು ಎಚ್‌ಎಲ್‌ಎ-ಎ2 ಪ್ರೋಟೀನ್‌ನ ಹರಳು ಮಾಡಿ ಅದರ ಆಕಾರ ಬಿಡಿಸಿದರು. ಎಂಟು ಎಳೆಗಳ ಹಾಳೆ ನೆಲ, ಎರಡು ಸುರುಳಿಗಳು ಗೋಡೆ, ನಡುವೆ ಒಂದು ತೋಡು. ಆ ತೋಡಿನಲ್ಲಿ ಏನೋ ಕೂತಿತ್ತು. ಅದು ಭಾರಿ ಸರಪಳಿಯ ಭಾಗವಲ್ಲ, ಬೀಟಾ-2ದ ಭಾಗವೂ ಅಲ್ಲ. ಒಂದೇ ಪೆಪ್ಟೈಡ್ ಆಗಿದ್ದರೆ ಸ್ಪಷ್ಟವಾಗಿ ಕಾಣುತ್ತಿತ್ತು. ಬೇರೆಬೇರೆ ಪೆಪ್ಟೈಡ್‌ಗಳು ಒಂದರ ಮೇಲೊಂದು ಕಲೆಸಿದ ಚಿತ್ರ ಅದು. ಆ ಮಸುಕಿನಲ್ಲಿ ಯಾವ್ಯಾವುದು ಇದೆ? ನಾವು ಮಾಡುವ ಕೆಲಸವೆಲ್ಲ ಈ ಒಂದು ಪ್ರಶ್ನೆಗೇ.

ಹಂತ 1: ಪ್ರಶ್ನೆ ಯಾವುದು ಅಂತ ಬರೆದಿಡಿ

ಪ್ರೋಟೀನನ್ನು ಎಲ್ಲಿ ತಿದ್ದಬೇಕು ಅನ್ನುವುದನ್ನು ಪ್ರಶ್ನೆಯೇ ಹೇಳುತ್ತದೆ. ಸಾಮಾನ್ಯವಾಗಿ ಮೂರು ತರಹದ ಪ್ರಶ್ನೆ ಇರುತ್ತವೆ. ಕೋಶ ತಾನಾಗಿ ಯಾವ ಪೆಪ್ಟೈಡ್‌ಗಳನ್ನು ತೋರಿಸುತ್ತಿದೆ? ನನ್ನ ಕೈಯಲ್ಲಿರುವ ಈ ಪೆಪ್ಟೈಡ್ ಆ ತೋಡಿನಲ್ಲಿ ಕೂರುತ್ತದಾ? ಕೂತ ಮೇಲೆ ಅದನ್ನು ಯಾವ ಟಿ ಕೋಶ ಗುರುತಿಸುತ್ತದೆ?

ಮೊದಲನೆಯದಕ್ಕೆ ಜೀವಂತ ಕೋಶದಲ್ಲಿ, ಆದಷ್ಟು ಕಡಿಮೆ ತಿದ್ದಿದ ಪ್ರೋಟೀನ್ ಬೇಕು. ಎರಡನೆಯದಕ್ಕೆ ಪ್ರಯೋಗಾಲಯದಲ್ಲಿ ಮಡಚಿದ ಶುದ್ಧ ಪ್ರೋಟೀನ್ ಸಾಕು. ಮೂರನೆಯದಕ್ಕೆ ಪೆಪ್ಟೈಡ್ ಬಿಗಿಯಾಗಿ ಕೂತ, ನಾಲ್ಕು ನಾಲ್ಕು ಜೋಡಿಸಿದ ರೂಪ ಬೇಕು. ಇವನ್ನು ಕಲೆಸಬೇಡಿ. ಪೆಪ್ಟೈಡನ್ನು ನಾವೇ ಅಂಟಿಸಿಟ್ಟ ಪ್ರೋಟೀನ್ ತಗೊಂಡು, ಕೋಶ ಏನು ತೋರಿಸುತ್ತದೆ ಅಂತ ಕೇಳಿದರೆ ಉತ್ತರ ನಾವು ಹಾಕಿದ್ದೇ ಬರುತ್ತದೆ, ಅಲ್ವಾ?

ಈ ಲೇಖನದ ಬಹುಪಾಲು ಮೊದಲನೆಯ ಪ್ರಶ್ನೆಯ ಬಗ್ಗೆ. ಅದೇ ಕಷ್ಟದ್ದು, ಅದೇ ಹೆಚ್ಚು ಕಲಿಸುವಂಥದ್ದು.

ಹಂತ 2: ಒಂದೇ ಎಚ್‌ಎಲ್‌ಎ ಇರುವ ಕೋಶ ಆರಿಸಿ

ಒಬ್ಬ ಮನುಷ್ಯನ ಕೋಶದಲ್ಲಿ ಎ, ಬಿ, ಸಿ ಎಂಬ ಮೂರು ಜೀನ್, ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ. ಅಂದರೆ ಆರು ಬಗೆಯ ಕ್ಲಾಸ್ 1 ಪ್ರೋಟೀನ್ ಇರಬಹುದು. ಪ್ರತಿಯೊಂದರ ತೋಡು ಬೇರೆ, ಒಪ್ಪುವ ಪೆಪ್ಟೈಡ್ ಬೇರೆ. ಡಬ್ಲ್ಯು6/32 ಎಂಬ ಹೆಸರಾಂತ ಆಂಟಿಬಾಡಿ ಆರನ್ನೂ ಒಟ್ಟಿಗೆ ಎಳೆಯುತ್ತದೆ. ಆಮೇಲೆ ಯಾವ ಪೆಪ್ಟೈಡ್ ಯಾರ ತೋಡಿನದು ಅಂತ ಊಹಿಸುತ್ತಾ ಕೂರಬೇಕು.

ಹಾಗಾಗಿ ತನ್ನದೇ ಎ, ಬಿ, ಸಿ ಕಳೆದುಕೊಂಡ 721.221 ಎಂಬ ಬಿ ಕೋಶ ತಳಿಯನ್ನು ಬಹಳ ಜನ ಬಳಸುತ್ತಾರೆ. ಗಾಮಾ ಕಿರಣ ಹಾಯಿಸಿ ಮಾಡಿದ ತಳಿ ಇದು. ಇದಕ್ಕೆ ನಮಗೆ ಬೇಕಾದ ಒಂದೇ ಎಚ್‌ಎಲ್‌ಎ ಜೀನ್ ಸೇರಿಸಿದರೆ ಸಿಗುವ ಪೆಪ್ಟೈಡ್‌ಗಳೆಲ್ಲ ಅದರದೇ. 2017ರಲ್ಲಿ ಈ ದಾರಿಯಲ್ಲಿ 16 ಬಗೆಯ ಎಚ್‌ಎಲ್‌ಎಗಳ ಪಟ್ಟಿ ಪ್ರಕಟವಾಯಿತು. 2020ರ ಹೊತ್ತಿಗೆ ಅದು 95ಕ್ಕೆ ಬೆಳೆಯಿತು. ಇವತ್ತು ಯಾವ ಪೆಪ್ಟೈಡ್ ಎಲ್ಲಿ ಕೂರುತ್ತದೆ ಅಂತ ಹೇಳುವ ಕಂಪ್ಯೂಟರ್ ಪ್ರೋಗ್ರಾಮ್‌ಗಳು ಕಲಿತಿರುವುದು ಇಂಥ ಮಾಹಿತಿಯಿಂದಲೇ.

ಒಂದು ಎಚ್ಚರಿಕೆ. 721.221ರಲ್ಲಿ ಎಚ್‌ಎಲ್‌ಎ-ಇ ಎಂಬ ಇನ್ನೊಂದು ಸದಸ್ಯ ಉಳಿದಿದೆ. ಅದು ಬೇರೆ ಎಚ್‌ಎಲ್‌ಎಗಳ ಸಿಗ್ನಲ್ ಭಾಗದಿಂದ (ಸರಪಳಿಯ ಶುರುವಿನಲ್ಲಿದ್ದು, ಇಆರ್ ಒಳಗೆ ಕತ್ತರಿಸಿ ಹೋಗುವ ತುಣುಕು) ಬರುವ ಪೆಪ್ಟೈಡನ್ನೇ ತೋಡಿನಲ್ಲಿ ಇಟ್ಟುಕೊಳ್ಳುತ್ತದೆ. ನೀವು ಎಚ್‌ಎಲ್‌ಎ-ಎ2 ಸೇರಿಸಿದಾಗ ಅದರ ಸಿಗ್ನಲ್ ಪೆಪ್ಟೈಡ್ ಸಿಕ್ಕಿ ಎಚ್‌ಎಲ್‌ಎ-ಇ ಕೂಡ ಮೇಲೆ ಬರುತ್ತದೆ. ಡಬ್ಲ್ಯು6/32 ಅದನ್ನೂ ಎಳೆಯುತ್ತದೆ. ಪ್ರೋಟೀನ್‌ಗೆ ನಮ್ಮದೇ ಹಿಡಿಕೆ, ಅಂದರೆ ಹಿಡಿದು ಎಳೆಯಲು ಸೇರಿಸುವ ಪುಟ್ಟ ಟ್ಯಾಗ್, ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ಹಿಡಿಕೆ ಇದ್ದರೆ ನಮ್ಮ ಪ್ರೋಟೀನ್ ಮಾತ್ರ ಬರುತ್ತದೆ. ಆರೂ ಎಚ್‌ಎಲ್‌ಎ ಇರುವ ಮಾಮೂಲಿ ಕೋಶದಲ್ಲೂ ಒಂದನ್ನೇ ಹೆಕ್ಕಿ ತೆಗೆಯಬಹುದು.

ಹಂತ 3: ಜೀನ್ ವಿನ್ಯಾಸ. ಹಿಡಿಕೆ ಬಾಲದಲ್ಲಿರಲಿ, ತೋಡು ಮುಟ್ಟಬೇಡಿ

ಇಲ್ಲಿ ನಿಧಾನವಾಗಿ ಹೋಗೋಣ. ಮುಂದಿನದೆಲ್ಲ ಈ ಹಂತದ ಮೇಲೆ ನಿಂತಿದೆ.

ಭಾರಿ ಸರಪಳಿಯನ್ನು ತುದಿಯಿಂದ ತುದಿಗೆ ಓದಿಕೊಂಡು ಹೋಗಿ. ಮೊದಲ 24 ಅಮೈನೋ ಆಮ್ಲ ಸಿಗ್ನಲ್ ಭಾಗ. ಇಆರ್ ಒಳಗೆ ಹೋದ ಮೇಲೆ ಅದು ಕತ್ತರಿಸಿ ಹೋಗುತ್ತದೆ. ಸ್ಥಾನಗಳ ಎಣಿಕೆ ಅದರ ನಂತರ ಶುರುವಾಗುತ್ತದೆ. ಈ ಎಣಿಕೆಯಲ್ಲಿ 24 ಹೆಚ್ಚುಕಡಿಮೆ ಮಾಡಿಕೊಂಡು ಬೇರೆ ಅಮೈನೋ ಆಮ್ಲವನ್ನು ಬದಲಿಸಿದವರನ್ನು ಕಂಡಿದ್ದೇನೆ, ಜೋಪಾನ. ಆಮೇಲೆ ಆಲ್ಫಾ-1, ಆಲ್ಫಾ-2: ಇವೆರಡೂ ಸೇರಿ ತೋಡು. ಆಲ್ಫಾ-3 ಕೆಳಗಿನ ಕಂಬ. ಟಿ ಕೋಶದ ಮೇಲಿರುವ ಸಿಡಿ8 ಎಂಬ ಪ್ರೋಟೀನ್ ಬಂದು ಅಂಟುವುದು ಮುಖ್ಯವಾಗಿ ಇದಕ್ಕೆ. 275ರ ಸುಮಾರಿಗೆ ಕೋಶದ ಹೊರಗಿನ ಭಾಗ ಮುಗಿಯುತ್ತದೆ. ನಂತರ ಪೊರೆ ದಾಟುವ ತುಂಡು, ಕೊನೆಗೆ ಕೋಶದೊಳಗೆ ನೇತಾಡುವ ಪುಟ್ಟ ಬಾಲ.

ಯಾವುದನ್ನು ಮುಟ್ಟಬಾರದು? ಆಲ್ಫಾ-1, ಆಲ್ಫಾ-2 ಇಡಿಯಾಗಿ ಹಾಗೇ ಇರಲಿ. ತೋಡಿನೊಳಗಿನ ಒಂದು ಅಮೈನೋ ಆಮ್ಲ ಬದಲಾದರೂ ಒಪ್ಪುವ ಪೆಪ್ಟೈಡ್‌ಗಳ ಪಟ್ಟಿ ಬದಲಾಗಬಹುದು. ಹೊರಗಿನದ್ದೂ ಸುಮ್ನೆ ಇಲ್ಲ. 134ನೇ ಸ್ಥಾನದ ಥ್ರಿಯೋನಿನ್ ತೋಡಿನ ಒಳಗಿಲ್ಲ. ಆದರೆ ಅದನ್ನು ಲೈಸಿನ್ ಮಾಡಿದರೆ ಟಪಾಸಿನ್ ಜೊತೆಗಿನ ಸಂಬಂಧ ಕಡಿದುಹೋಗುತ್ತದೆ. ಒಳ್ಳೆಯ ಪೆಪ್ಟೈಡ್ ಆರಿಸಿ ಕೂರಿಸಲು ನೆರವಾಗುವ ಪ್ರೋಟೀನ್ ಅದು. ಆಲ್ಫಾ-3ರಲ್ಲಿ 227, 228ನೇ ಸ್ಥಾನ ಬದಲಿಸಿ ಸಿಡಿ8 ಅಂಟದ ಹಾಗೆ ಮಾಡುವುದುಂಟು, 245ನೇ ಅಲನಿನ್ ಬದಲು ವ್ಯಾಲಿನ್ ಹಾಕಿ ಅಂಟನ್ನು ಸಡಿಲ ಮಾಡುವುದುಂಟು. ಇವು ಟಿ ಕೋಶದ ಪ್ರಯೋಗಕ್ಕೆ ಚೆನ್ನ. ಕೋಶ ಏನು ತೋರಿಸುತ್ತದೆ ಅನ್ನುವ ಪ್ರಶ್ನೆಗೆ ಇವು ಬೇಕಿಲ್ಲ. ಬೇಡದ್ದನ್ನು ಹಾಕಬೇಡಿ.

ಹಾಗಾದರೆ ಹಿಡಿಕೆ ಎಲ್ಲಿ? ಬಾಲದ ತುದಿಯಲ್ಲಿ. ಪ್ರೋಟೀನ್ ಕೋಶದೊಳಗೆ ತನ್ನ ಕೆಲಸ ಮಾಡುವಾಗ ಹಿಡಿಕೆ ಪೊರೆಯ ಆಚೆ ಬದಿಯಲ್ಲಿ ಇರುತ್ತದೆ. ಪೆಪ್ಟೈಡ್ ತುಂಬುವ ಕೆಲಸಕ್ಕೆ ಅಡ್ಡ ಬರುವ ಸಂಭವ ಕಡಿಮೆ. ಬಾಲದ ಕೊನೆಗೂ ಹಿಡಿಕೆಗೂ ನಡುವೆ ಗ್ಲೈಸಿನ್-ಸೆರಿನ್‌ಗಳ ಮೆದು ಕೊಂಡಿ ಇಡಿ. ಎಚ್‌ಎಲ್‌ಎ-ಎ ಮತ್ತು ಬಿಗಳ ಬಾಲದಲ್ಲಿ 320ನೇ ಟೈರೋಸಿನ್ ಇದೆ. ಎಚ್‌ಐವಿಯ ನೆಫ್ ಪ್ರೋಟೀನ್ ಎಚ್‌ಎಲ್‌ಎಯನ್ನು ಮೇಲ್ಮೈಯಿಂದ ಕೆಳಗಿಳಿಸಲು ಈ ಟೈರೋಸಿನ್ನನ್ನೇ ಬಳಸಿಕೊಳ್ಳುತ್ತದೆ. ಅಂದರೆ ಬಾಲವೂ ಕೆಲಸ ಮಾಡುವ ಭಾಗವೇ. ಅದನ್ನು ಕತ್ತರಿಸಬೇಡಿ, ಅದರ ಕೊನೆಗೆ ಸೇರಿಸಿ.

ಯಾವ ಹಿಡಿಕೆ? ಫ್ಲ್ಯಾಗ್ ಎಂಬುದು 8 ಅಮೈನೋ ಆಮ್ಲದ್ದು, ಅದಕ್ಕೆ ಆಂಟಿಬಾಡಿ ಬೇಕು. ಏವಿ ಟ್ಯಾಗ್ 15 ಅಮೈನೋ ಆಮ್ಲದ್ದು. ಬರ್‌-ಎ ಎಂಬ ಕಿಣ್ವ ಅದರ ಲೈಸಿನ್‌ಗೆ ಬಯೋಟಿನ್ ಅಂಟಿಸುತ್ತದೆ, ಆಮೇಲೆ ಸ್ಟ್ರೆಪ್ಟಾವಿಡಿನ್ ಮಣಿಗಳಿಂದ ಎಳೆಯಬಹುದು. ಬಯೋಟಿನ್ ಹಿಡಿತ ಎಷ್ಟು ಗಟ್ಟಿ ಅಂದರೆ ತೊಳೆಯುವಾಗ ಪ್ರೋಟೀನ್ ಜಾರುವ ಭಯವಿಲ್ಲ, ಕಟುವಾಗಿ ತೊಳೆಯಬಹುದು. ನನ್ನ ಆಯ್ಕೆ ಇದೇ. ಒಂದು ತೊಂದರೆಯೂ ಇದೆ: ಕೋಶದ ಮೈಟೋಕಾಂಡ್ರಿಯಾದಲ್ಲಿ ಸಹಜವಾಗಿಯೇ ಬಯೋಟಿನ್ ಹೊತ್ತ ಕಾರ್ಬಾಕ್ಸಿಲೇಸ್ ಕಿಣ್ವಗಳಿವೆ. ಅವೂ ಮಣಿಗಳಿಗೆ ಅಂಟುತ್ತವೆ. ಹಿಡಿಕೆ ಇಲ್ಲದ ಮೂಲ ಕೋಶವನ್ನು ಜೊತೆಗೇ ಓಡಿಸದಿದ್ದರೆ ಇವನ್ನು ಬೇರೆ ಮಾಡಲಾಗದು.

ಇನ್ನೊಂದು ದಾರಿ, ಪೊರೆ ದಾಟುವ ತುಂಡನ್ನೇ ತೆಗೆದುಬಿಡುವುದು. ಆಗ ಪ್ರೋಟೀನ್ ಪೆಪ್ಟೈಡ್ ಸಮೇತ ಹೊರಗಿನ ದ್ರವಕ್ಕೆ ಬಂದು ಸೇರುತ್ತದೆ. ಕೋಶ ಒಡೆಯುವ ರಗಳೆಯಿಲ್ಲ, ಅದೇ ಕೋಶಗಳಿಂದ ದಿನ ದಿನವೂ ಸಂಗ್ರಹಿಸಬಹುದು. ಜಾಸ್ತಿ ಪ್ರಮಾಣ ಬೇಕಾದವರಿಗೆ ಇದು ಒಳ್ಳೆಯದು. ಆದರೆ ಪೊರೆಯಲ್ಲಿ ಊರಿ ನಿಂತ ಪ್ರೋಟೀನ್ ಮತ್ತು ತೇಲುವ ಪ್ರೋಟೀನ್ ಎರಡೂ ಇಆರ್‌ನ ತಪಾಸಣೆಯನ್ನು ಒಂದೇ ರೀತಿ ದಾಟುತ್ತವೆ ಅಂತ ನಂಬಿ ಕೂರಬೇಡಿ. ಒಮ್ಮೆಯಾದರೂ ಎರಡನ್ನೂ ಹೋಲಿಸಿ ನೋಡಿ.

ಈಗ ನನ್ನ ಚಪ್ಪಟೆ ದಿಣ್ಣೆಯ ಕಥೆ. ಹಿಡಿಕೆ ಸೇರಿಸಿದ ಜಾಗವನ್ನು ಸೀಕ್ವೆನ್ಸ್ ಮಾಡಿಸಿ ನೋಡಿದೆ, ಅಕ್ಷರ ಅಕ್ಷರ ಸರಿಯಿತ್ತು. ಉಳಿದದ್ದು ಮೊದಲಿನಿಂದಲೂ ಇದ್ದ ಜೀನ್ ತಾನೇ ಅಂತ ನೋಡಲಿಲ್ಲ. ಪಿಸಿಆರ್ ಮಾಡುವಾಗ 164ನೇ ಸಿಸ್ಟೀನ್‌ನ ಸಂಕೇತದಲ್ಲಿ ಒಂದು ಅಕ್ಷರ ಬದಲಾಗಿ ಟೈರೋಸಿನ್ ಆಗಿತ್ತು. ಆ ಸಿಸ್ಟೀನ್ 101ನೇ ಸಿಸ್ಟೀನ್ ಜೊತೆ ಗಂಟು (ಡೈಸಲ್ಫೈಡ್ ಬಂಧ) ಹಾಕಿಕೊಂಡು ಆಲ್ಫಾ-2 ಭಾಗವನ್ನು ಹಿಡಿದಿಡುತ್ತದೆ. ಗಂಟು ಹೋಯಿತು, ಪ್ರೋಟೀನ್ ಮಡಚಲಿಲ್ಲ, ಪೆಪ್ಟೈಡ್ ಕೂರಲಿಲ್ಲ. ವೆಸ್ಟರ್ನ್ ಬ್ಲಾಟ್‌ನಲ್ಲಿ ಮಾತ್ರ ಗಟ್ಟಿಯಾದ ಪಟ್ಟಿ ಬಂತು. ಹಿಡಿಕೆಯ ಆಂಟಿಬಾಡಿಗೆ ಪ್ರೋಟೀನ್ ಮಡಚಿದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ. ನಾನು ಖುಷಿಯಿಂದ ಮುಂದಕ್ಕೆ ಹೋದೆ. ಕೊನೆಗೆ ಹಿಡಿದದ್ದು ಬರೀ ಕೋಶದ ಕಸದ ತುಣುಕುಗಳನ್ನು.

ಇಡೀ ಜೀನ್ ಓದಿಸಿ. ಸುಮಾರು 1100 ಅಕ್ಷರ. ಎರಡು ಬದಿಯಿಂದ ಓದಿಸಿದರೆ ಮುಗಿಯಿತು.

ಹಂತ 4: ಪ್ರೋಟೀನ್ ಸರಿಯಾಗಿ ಮೇಲ್ಮೈಗೆ ಬಂದಿದೆಯಾ?

ಜೀನ್ ಸೇರಿಸಿದ ಕೋಶಗಳನ್ನು ಫ್ಲೋ ಸೈಟೋಮೀಟರ್‌ನಲ್ಲಿ ನೋಡಿ. ಡಬ್ಲ್ಯು6/32 ಇಲ್ಲಿ ಅಮೂಲ್ಯ, ಏಕೆಂದರೆ ಬೀಟಾ-2 ಜೊತೆ ಕೂಡಿ ಸರಿಯಾಗಿ ಮಡಚಿದ ಭಾರಿ ಸರಪಳಿಯನ್ನು ಮಾತ್ರ ಅದು ಗುರುತಿಸುತ್ತದೆ. ಎಚ್‌ಎಲ್‌ಎ-ಎ2 ಆದರೆ ಬಿಬಿ7.2 ಆಂಟಿಬಾಡಿ ಇನ್ನೂ ಖಚಿತ. ಮೂಲ ಕೋಶ, ತಿದ್ದದ ಎ2 ಸೇರಿಸಿದ ಕೋಶ, ಹಿಡಿಕೆಯ ಎ2 ಸೇರಿಸಿದ ಕೋಶ, ಈ ಮೂರನ್ನೂ ಒಂದೇ ದಿನ ಬಣ್ಣ ಹಾಕಿ ನೋಡಿ.

ಹೊಳಪು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಅನ್ನಿಸುತ್ತದೆ. ಹಾಗಲ್ಲ. ಮಿತಿಮೀರಿ ಪ್ರೋಟೀನ್ ತಯಾರಾದರೆ ಪೆಪ್ಟೈಡ್ ತುಂಬುವ ವ್ಯವಸ್ಥೆಗೆ ಭಾರ ಬೀಳುತ್ತದೆ. ಮಧ್ಯಮ ಮಟ್ಟದ ಕೋಶಗಳನ್ನೇ ಬೇರ್ಪಡಿಸಿ ಬೆಳೆಸಿ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಬ್ರೆಫೆಲ್ಡಿನ್-ಎ ಹಾಕಿದರೆ ಒಳಗಿನಿಂದ ಹೊಸ ಪ್ರೋಟೀನ್ ಮೇಲಕ್ಕೆ ಬರುವುದು ನಿಲ್ಲುತ್ತದೆ. ಆಮೇಲೆ ಗಂಟೆಗೊಮ್ಮೆ ಬಿಬಿ7.2 ಹೊಳಪು ಎಷ್ಟು ಇಳಿಯಿತು ಅಂತ ನೋಡುತ್ತಾ ಹೋಗಿ. ಒಳ್ಳೆಯ ಪೆಪ್ಟೈಡ್ ಹಿಡಿದ ಪ್ರೋಟೀನ್ ಮೇಲ್ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹಿಡಿಕೆಯದೂ ಹಿಡಿಕೆ ಇಲ್ಲದ್ದೂ ಒಂದೇ ವೇಗದಲ್ಲಿ ಇಳಿದರೆ ಹಿಡಿಕೆಯಿಂದ ಅಡ್ಡಿಯಾಗಿಲ್ಲ ಅಂತ ಧೈರ್ಯ ತಗೊಳ್ಳಬಹುದು.

ಹಂತ 5: ಒಡೆದು, ಎಳೆದು, ತೊಳೆದು, ಬಿಡಿಸಿ

ಶುರುವಿಗೆ 10 ಕೋಟಿ ಕೋಶ ಇಟ್ಟುಕೊಳ್ಳಿ. ಸತ್ತ ಕೋಶ ಕಡಿಮೆ ಇರಬೇಕು. ತಣ್ಣನೆಯ ಉಪ್ಪುನೀರಿನ ಬಫರ್‌ನಲ್ಲಿ ಎರಡು ಸಲ ತೊಳೆದು ಐಸ್ ಮೇಲೆ ಒಡೆಯಿರಿ. ಟ್ರಿಸ್ ಪಿಎಚ್ 8, 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, ಚಾಪ್ಸ್‌ನಂಥ ಮೆದು ಡಿಟರ್ಜೆಂಟ್ ಶೇಕಡಾ 1. ಪ್ರೋಟಿಯೇಸ್ ತಡೆಯುವ ಮಿಶ್ರಣವನ್ನು ಆ ಕ್ಷಣಕ್ಕೇ ಹಾಕಿ, ನಿನ್ನೆ ಕಲೆಸಿಟ್ಟದ್ದು ಬೇಡ. ಅರ್ಧ ಗಂಟೆ ಬಿಟ್ಟು 20,000 ಜಿ ವೇಗದಲ್ಲಿ ತಿರುಗಿಸಿ ತಿಳಿಯನ್ನು ತೆಗೆದುಕೊಳ್ಳಿ.

ಏವಿ ಟ್ಯಾಗ್ ಆದರೆ ಈ ತಿಳಿಗೇ ಬರ್‌-ಎ, ಎಟಿಪಿ, ಬಯೋಟಿನ್ ಹಾಕಿ ಅಂಟಿಸಬಹುದು. ಉಳಿದ ಬಯೋಟಿನ್ ಮಣಿಗಳ ಜಾಗ ಹಿಡಿಯದಂತೆ ಅಳತೆ ಮಿತಿಯಲ್ಲಿರಲಿ. ಆಮೇಲೆ ಮಣಿಗಳ ಜೊತೆ 4 ಡಿಗ್ರಿಯಲ್ಲಿ ತಿರುಗಿಸಿ.

ತೊಳೆಯುವುದರಲ್ಲಿ ಅವಸರ ಬೇಡ. ಮೊದಲು ಡಿಟರ್ಜೆಂಟ್ ಇರುವ ಬಫರ್, ಆಮೇಲೆ ಉಪ್ಪು ಜಾಸ್ತಿ ಇರುವುದು, ಆಮೇಲೆ ಉಪ್ಪು ಕಡಿಮೆ ಇರುವುದು, ಕೊನೆಗೆ ಬರೀ 10 ಮಿಲಿಮೋಲಾರ್ ಟ್ರಿಸ್. ಕೊನೆಯ ಹೊತ್ತಿಗೆ ನೊರೆ ಕಾಣಬಾರದು. ಟ್ಯೂಬನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಅಂಚಿನಲ್ಲಿ ಒಂದು ಸಾಲು ಗುಳ್ಳೆ ನಿಂತರೂ ಇನ್ನೊಮ್ಮೆ ತೊಳೆಯಿರಿ. ಮುಂದೆ ಪೆಪ್ಟೈಡ್‌ಗಳನ್ನು ತೂಕದಿಂದ ಗುರುತಿಸುವ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರ್. ಉಳಿದ ಡಿಟರ್ಜೆಂಟ್ ಅದರಲ್ಲಿ ಪೆಪ್ಟೈಡ್‌ಗಳನ್ನು ಮುಚ್ಚಿಹಾಕುತ್ತದೆ. ಯಂತ್ರ ನೋಡಿಕೊಳ್ಳುವವರ ವಾರದ ಕೆಲಸವೂ ಹಾಳು.

ಈಗ ಶೇಕಡಾ 10 ಅಸಿಟಿಕ್ ಆಮ್ಲ, ಇಲ್ಲವೇ ಶೇಕಡಾ 1 ಟಿಎಫ್‌ಎ (ಟ್ರೈಫ್ಲೋರೋ ಅಸಿಟಿಕ್ ಆಮ್ಲ). ಆಮ್ಲ ತಾಗಿದೊಡನೆ ಬೀಟಾ-2 ಕೈಬಿಡುತ್ತದೆ, ತೋಡು ಸಡಿಲವಾಗುತ್ತದೆ, ಪೆಪ್ಟೈಡ್ ಉದುರುತ್ತದೆ. ಭಾರಿ ಸರಪಳಿ ಬಹುಪಾಲು ಮಣಿಯ ಮೇಲೇ ಉಳಿಯುತ್ತದೆ, ಬೀಟಾ-2 ಪೆಪ್ಟೈಡ್ ಜೊತೆ ಬರುತ್ತದೆ. ಸಿ18 ಕಾಲಮ್ ಮೇಲೆ ಹಾಕಿ ಶೇಕಡಾ 28ರಿಂದ 30 ಅಸಿಟೋನೈಟ್ರೈಲ್‌ನಿಂದ ಪೆಪ್ಟೈಡ್‌ಗಳನ್ನು ಇಳಿಸಿಕೊಳ್ಳಿ. ದೊಡ್ಡ ಪ್ರೋಟೀನ್‌ಗಳು ಇಳಿಯಲು ಅದಕ್ಕಿಂತ ಹೆಚ್ಚು ಬೇಕು, ಅವು ಅಲ್ಲೇ ನಿಲ್ಲುತ್ತವೆ. ಅಂಟು ಕಡಿಮೆ ಇರುವ ಟ್ಯೂಬ್ ಬಳಸಿ. ಪೂರ್ತಿ ಒಣಗಿಸಬೇಡಿ, ಗೋಡೆಗೆ ಅಂಟಿದ ಪೆಪ್ಟೈಡ್ ವಾಪಸು ಬರುವುದು ಕಷ್ಟ.

ಹಂತ 6: ಓದುವುದು

ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹಾಕುವ ಮುನ್ನ ಮಾಮೂಲಾಗಿ ಪ್ರೋಟೀನ್ ಕತ್ತರಿಸಲು ಬಳಸುವ ಟ್ರಿಪ್ಸಿನ್ ಕಿಣ್ವ ಇಲ್ಲಿ ಇಲ್ಲ. ಕೋಶವೇ ಕತ್ತರಿಸಿಕೊಟ್ಟಿದೆ. ಹಾಗಾಗಿ ಡೇಟಾಬೇಸ್ ಹುಡುಕುವಾಗ ಯಾವ ಕಿಣ್ವವೂ ಇಲ್ಲ ಅಂತ ಆರಿಸಿ, ಉದ್ದ 7ರಿಂದ 15 ಇಡಿ, ತಪ್ಪು ಗುರುತಿನ ಮಿತಿ (ಎಫ್‌ಡಿಆರ್) ಶೇಕಡಾ 1. ಯಂತ್ರದಲ್ಲೂ ಒಂದು ಬದಲಾವಣೆ ಬೇಕು. ಮಾಮೂಲಿ ಪ್ರೋಟೀನ್ ಕೆಲಸದಲ್ಲಿ ಒಂದೇ ಚಾರ್ಜ್ ಇರುವ ಅಯಾನುಗಳನ್ನು ಬಿಟ್ಟುಬಿಡುವಂತೆ ಹೊಂದಿಸಿರುತ್ತಾರೆ. ಟ್ರಿಪ್ಸಿನ್ ಕತ್ತರಿಸಿದ ಪೆಪ್ಟೈಡ್ ಕೊನೆಯಲ್ಲಿ ಲೈಸಿನ್ ಅಥವಾ ಆರ್ಜಿನಿನ್ ಇರುವುದರಿಂದ ಅಲ್ಲಿ ಅದು ಸರಿ. ಎ2 ಪೆಪ್ಟೈಡ್‌ಗಳ ಕೊನೆಯಲ್ಲಿ ಸಾಮಾನ್ಯವಾಗಿ ವ್ಯಾಲಿನ್ ಅಥವಾ ಲ್ಯೂಸಿನ್ ಇರುತ್ತದೆ. ಅನೇಕಕ್ಕೆ ಒಂದೇ ಚಾರ್ಜ್. ಹೇಳದಿದ್ದರೆ ಯಂತ್ರ ಅವನ್ನು ನೋಡುವುದೇ ಇಲ್ಲ.

ಫಲಿತಾಂಶ ಬಂದಾಗ ಹೆಸರುಗಳನ್ನು ಓದಲು ಹೋಗಬೇಡಿ. ಮೊದಲು ಉದ್ದದ ಗ್ರಾಫ್. ಆಮೇಲೆ 9 ಉದ್ದದವನ್ನು ಒಂದರ ಕೆಳಗೊಂದು ಜೋಡಿಸಿ ಯಾವ ಸ್ಥಾನದಲ್ಲಿ ಯಾವ ಅಮೈನೋ ಆಮ್ಲ ಜಾಸ್ತಿ ಅಂತ ನೋಡಿ. ಎ*02:01 (ಎ2 ಗುಂಪಿನ ಒಂದು ರೂಪದ ಪೂರ್ತಿ ಹೆಸರು) ಆದರೆ 2ನೇ ಸ್ಥಾನದಲ್ಲಿ ಲ್ಯೂಸಿನ್ ಅಥವಾ ಮೆಥಿಯೋನಿನ್, 9ರಲ್ಲಿ ವ್ಯಾಲಿನ್ ಅಥವಾ ಲ್ಯೂಸಿನ್ ಎದ್ದು ಕಾಣಬೇಕು. ಪೆಪ್ಟೈಡ್ ತೋಡಿನಲ್ಲಿ ಲಂಗರು ಹಾಕುವುದು ಇವುಗಳಿಂದ. ಈ ಗುರುತನ್ನು 1991ರಲ್ಲಿ ಹಾನ್ಸ್-ಗೇಯೋರ್ಗ್ ರಾಮೆನ್‌ಸೀ ಅವರ ತಂಡ ಕಂಡಿತು. ಅವರು ಪೆಪ್ಟೈಡ್‌ಗಳನ್ನು ಬಿಡಿಬಿಡಿಯಾಗಿ ಓದಲಿಲ್ಲ. ಇಡೀ ಮಿಶ್ರಣವನ್ನು ಎಡ್ಮನ್ ವಿಧಾನದಲ್ಲಿ ಒಂದೊಂದೇ ಸ್ಥಾನ ಕಳಚುತ್ತಾ ಹೋದರು. ಕೆಲವು ಸ್ಥಾನಗಳಲ್ಲಿ ಎಲ್ಲ ಬಗೆಯ ಅಮೈನೋ ಆಮ್ಲವೂ ಕಲೆಸಿತ್ತು, ಎರಡು ಸ್ಥಾನಗಳಲ್ಲಿ ಮಾತ್ರ ಒಂದೆರಡೇ. ಮರುವರ್ಷ ಡೊನಾಲ್ಡ್ ಹಂಟ್ ಮತ್ತು ಸಂಗಡಿಗರು ಮಾಸ್ ಸ್ಪೆಕ್ಟ್ರೋಮೀಟರ್‌ನಿಂದ ಎ2 ಪೆಪ್ಟೈಡ್‌ಗಳನ್ನು ಬಿಡಿಬಿಡಿಯಾಗಿ ಓದಿದರು.

ಆಮೇಲೆ ಹಿಡಿಕೆ ಇಲ್ಲದ ಮೂಲ ಕೋಶದಿಂದ ಬಂದ ಪಟ್ಟಿಯನ್ನು ಕಳೆಯಿರಿ. ಉಳಿದದ್ದರಲ್ಲಿ ನಿಮಗೆ ಮುಖ್ಯ ಅನ್ನಿಸಿದ ಪೆಪ್ಟೈಡನ್ನು ಕೃತಕವಾಗಿ ತಯಾರಿಸಿ ಅದೇ ಯಂತ್ರದಲ್ಲಿ ಓಡಿಸಿ, ಎರಡು ಚಿತ್ರಗಳನ್ನೂ ಒಂದರ ಕೆಳಗೊಂದಿಟ್ಟು ನೋಡಿ. ಕಾಲಮ್‌ನಿಂದ ಇಳಿದ ಸಮಯವೂ ಹೊಂದಬೇಕು. ಲ್ಯೂಸಿನ್ ಮತ್ತು ಐಸೋಲ್ಯೂಸಿನ್ ತೂಕ ಒಂದೇ ಅನ್ನುವುದು ನೆನಪಿರಲಿ, ತೂಕವಷ್ಟೇ ನೋಡಿದರೆ ಬೇರೆ ಮಾಡಲಾಗದು.

ಹಂತ 7: ಸಿಕ್ಕ ಪೆಪ್ಟೈಡ್ ನಿಜಕ್ಕೂ ಕೂರುತ್ತದಾ?

ಈಗ ಎರಡನೆಯ ಪ್ರಶ್ನೆ. 1992ರಲ್ಲಿ ಗಾರ್ಬೋಚಿ ಮತ್ತು ಸಂಗಡಿಗರು ತೋರಿಸಿದ ದಾರಿ ಇಂದಿಗೂ ನಡೆಯುತ್ತಿದೆ. ಭಾರಿ ಸರಪಳಿಯ ಹೊರಭಾಗ ಮತ್ತು ಬೀಟಾ-2ವನ್ನು ಬೇರೆಬೇರೆಯಾಗಿ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಮಾಡಿಸಿ. ಅವು ಮಡಚದೆ ಗಡ್ಡೆ ಕಟ್ಟುತ್ತವೆ. ಗಡ್ಡೆಗಳನ್ನು ಚೆನ್ನಾಗಿ ತೊಳೆದು 8 ಮೋಲಾರ್ ಯೂರಿಯಾದಲ್ಲಿ ಕರಗಿಸಿ.

ಮಡಚುವ ಬಫರ್ ಒಂದು ಲೀಟರ್: 100 ಮಿಲಿಮೋಲಾರ್ ಟ್ರಿಸ್ ಪಿಎಚ್ 8, 400 ಮಿಲಿಮೋಲಾರ್ ಆರ್ಜಿನಿನ್, 2 ಮಿಲಿಮೋಲಾರ್ ಇಡಿಟಿಎ, ಗ್ಲುಟಾಥಯೋನ್ 5 ಮಿಲಿಮೋಲಾರ್ ಅಪಕರ್ಷಿತ (ರಿಡ್ಯೂಸ್ಡ್) ರೂಪದ್ದು ಮತ್ತು 0.5 ಆಕ್ಸೀಕರಿಸಿದ್ದು. ಇದಕ್ಕೆ ಪೆಪ್ಟೈಡ್ ಸುಮಾರು 10 ಮಿಲಿಗ್ರಾಂ, ಬೀಟಾ-2 ಸುಮಾರು 24, ಭಾರಿ ಸರಪಳಿ ಸುಮಾರು 32. ಪೆಪ್ಟೈಡ್, ಬೀಟಾ-2 ಮೊದಲು, ಭಾರಿ ಸರಪಳಿ ಕೊನೆಗೆ. ತಣ್ಣನೆಯ ಕೋಣೆಯಲ್ಲಿ ಬೀಕರ್ ತಿರುಗುತ್ತಿರಲಿ. ತೆಳು ಸೂಜಿಯಿಂದ, ಸುಳಿ ಜೋರಾಗಿರುವ ಜಾಗಕ್ಕೆ, ಹನಿ ಹನಿಯಾಗಿ ಬಿಡಿ. ಒಂದೊಂದು ಹನಿ ಬಿದ್ದಾಗಲೂ ಬಿಳಿ ಎಳೆಯೊಂದು ಕ್ಷಣ ಕಾಣಿಸಿ ಮಾಯವಾಗುತ್ತದೆ. ಎಳೆ ಹಾಗೇ ಉಳಿದು ಮೋಡ ಕಟ್ಟತೊಡಗಿದರೆ ನೀವು ಅವಸರ ಮಾಡುತ್ತಿದ್ದೀರಿ. ನಾನು ಭಾರಿ ಸರಪಳಿಯನ್ನು ಮೂರು ಪಾಲು ಮಾಡಿ, ನಡುವೆ ಕೆಲವು ಗಂಟೆ ಬಿಟ್ಟು ಹಾಕುತ್ತೇನೆ. ಎರಡು ದಿನ ತಿರುಗಲು ಬಿಡಿ.

ಆಮೇಲೆ ಸಾಂದ್ರ ಮಾಡಿ ಜೆಲ್ ಫಿಲ್ಟ್ರೇಶನ್ ಕಾಲಮ್ ಮೇಲೆ ಹಾಕಿ. ಮೊದಲು ಬರುವುದು ಗಂಟುಗಟ್ಟಿದ ಕಸ, ಕೊನೆಗೆ ಉಳಿದ ಬೀಟಾ-2, ನಡುವೆ 45 ಕಿಲೋಡಾಲ್ಟನ್ ಸುಮಾರಿಗೆ ನಮ್ಮದು. ಪೆಪ್ಟೈಡ್ ಹಾಕದ ಬೀಕರ್ ಒಂದನ್ನು ಜೊತೆಗೇ ಓಡಿಸಿ, ಅದರಲ್ಲಿ ನಡುವಿನ ಶಿಖರ ಬರಬಾರದು. ಖಾತ್ರಿಗೆ ಫ್ಲೂ ವೈರಸ್ಸಿನ ಎಂ1 ಪ್ರೋಟೀನ್‌ನ ಜಿ-ಐ-ಎಲ್-ಜಿ-ಎಫ್-ವಿ-ಎಫ್-ಟಿ-ಎಲ್ ಪೆಪ್ಟೈಡ್ ಇಟ್ಟುಕೊಳ್ಳಿ. ಎ2 ಇದನ್ನು ಚೆನ್ನಾಗಿ ಹಿಡಿಯುತ್ತದೆ. ನಿಮ್ಮ ಪೆಪ್ಟೈಡ್ ಎಷ್ಟು ಗಟ್ಟಿ ಅಂತ ತಿಳಿಯಲು ಬಣ್ಣ ಹಾಕಿ ಬಿಸಿ ಮಾಡುತ್ತಾ ಯಾವ ಉಷ್ಣತೆಯಲ್ಲಿ ಬಿಚ್ಚಿಕೊಳ್ಳುತ್ತದೆ ಅಂತ ಹೋಲಿಸಿ.

ಪರೀಕ್ಷಿಸಬೇಕಾದ ಪೆಪ್ಟೈಡ್ ನೂರಾರು ಇದ್ದರೆ ಪ್ರತಿಯೊಂದಕ್ಕೂ ಬೀಕರ್ ಇಡಲಾಗದು. ಆಗ ಬೆಳಕಿಗೆ ಮುರಿಯುವ ಪೆಪ್ಟೈಡ್ ಜೊತೆ ಒಮ್ಮೆ ಮಡಚಿಟ್ಟುಕೊಳ್ಳಿ. 366 ನ್ಯಾನೋಮೀಟರ್ ಯುವಿ ಬಿದ್ದಾಗ ಅದು ಎರಡು ತುಂಡಾಗಿ ತೋಡಿನಿಂದ ಜಾರುತ್ತದೆ. ಪಕ್ಕದಲ್ಲೇ ಇರುವ ನಿಮ್ಮ ಪೆಪ್ಟೈಡ್ ಆ ಜಾಗ ಹಿಡಿಯುತ್ತದೆ. ಇನ್ನೊಂದು ಉಪಾಯ, 84ನೇ ಟೈರೋಸಿನ್ ಮತ್ತು 139ನೇ ಅಲನಿನ್ ಎರಡನ್ನೂ ಸಿಸ್ಟೀನ್ ಮಾಡುವುದು. ಅವೆರಡರ ನಡುವೆ ಗಂಟು ಬಿದ್ದು, ತೋಡು ಖಾಲಿಯಿದ್ದರೂ ಪ್ರೋಟೀನ್ ಕುಸಿಯುವುದಿಲ್ಲ. ತೋಡು ಮುಟ್ಟಬೇಡಿ ಅಂತ ಹೇಳಿದ ನಾನೇ ಇದನ್ನು ಹೇಳುತ್ತಿದ್ದೇನೆ, ಏಕೆಂದರೆ ಇಲ್ಲಿ ಪ್ರಶ್ನೆ ಬೇರೆ.

ಹಂತ 8: ಟಿ ಕೋಶಕ್ಕೆ ತೋರಿಸುವ ರೂಪ

ಒಂದೇ ಪ್ರೋಟೀನ್‌ಗೆ ಟಿ ಕೋಶದ ಹಿಡಿತ ದುರ್ಬಲ, ಬೇಗ ಬಿಟ್ಟುಹೋಗುತ್ತದೆ. 1996ರಲ್ಲಿ ಜಾನ್ ಆಲ್ಟ್‌ಮನ್, ಮಾರ್ಕ್ ಡೇವಿಸ್ ಮತ್ತು ಸಂಗಡಿಗರು ಬಯೋಟಿನ್ ಅಂಟಿಸಿದ ನಾಲ್ಕನ್ನು ಒಂದು ಸ್ಟ್ರೆಪ್ಟಾವಿಡಿನ್ ಮೇಲೆ ಕೂರಿಸಿ ಟೆಟ್ರಾಮರ್ ಮಾಡಿದರು. ನೀವು ಮಾಡುವಾಗ ಸ್ಟ್ರೆಪ್ಟಾವಿಡಿನ್ ಒಟ್ಟಿಗೆ ಸುರಿಯಬೇಡಿ. ಹತ್ತು ಪಾಲು ಮಾಡಿ, ಹತ್ತತ್ತು ನಿಮಿಷಕ್ಕೊಮ್ಮೆ ಹಾಕಿ. ಪ್ರತಿ ಸಲವೂ ಪ್ರೋಟೀನ್ ಜಾಸ್ತಿ, ಸ್ಟ್ರೆಪ್ಟಾವಿಡಿನ್ ಕಡಿಮೆ ಇದ್ದಾಗ ನಾಲ್ಕೂ ಜಾಗ ತುಂಬುತ್ತವೆ.

ದುರ್ಬಲ ಪೆಪ್ಟೈಡ್ ಆಗಿದ್ದರೆ ಮೂರೂ ಭಾಗಗಳನ್ನು ಒಂದೇ ಸರಪಳಿಯಾಗಿ ಹೆಣೆಯಬಹುದು: ಪೆಪ್ಟೈಡ್, ಕೊಂಡಿ, ಬೀಟಾ-2, ಕೊಂಡಿ, ಭಾರಿ ಸರಪಳಿ. ತೋಡಿನ ಕೊನೆ ಮುಚ್ಚಿರುವುದರಿಂದ ಕೊಂಡಿ ಹೊರಬರಲು 84ನೇ ಟೈರೋಸಿನ್ ತೆಗೆದು ಅಲನಿನ್ ಹಾಕಿ ಬಾಗಿಲು ತೆರೆಯುತ್ತಾರೆ. ಅಲ್ಲೇ ಸಿಸ್ಟೀನ್ ಹಾಕಿ ಕೊಂಡಿಯ ಇನ್ನೊಂದು ಸಿಸ್ಟೀನ್ ಜೊತೆ ಗಂಟು ಹಾಕಿದರೆ ಪೆಪ್ಟೈಡ್ ಇನ್ನೂ ಭದ್ರ. ಇದರಿಂದ ಸಿಕ್ಕ ಟಿ ಕೋಶವನ್ನು ಕೊಂಡಿ ಇಲ್ಲದ ಪೆಪ್ಟೈಡ್ ಜೊತೆಗೂ ಒಮ್ಮೆ ಪರೀಕ್ಷಿಸಿ. ಕೊಂಡಿಯನ್ನೇ ಗುರುತಿಸುವ ಟಿ ಕೋಶ ನಿಮಗೆ ಬೇಕಿಲ್ಲ.

ಕ್ಲಾಸ್ 2 ಪ್ರೋಟೀನ್‌ಗಳಿಗೂ ಹಿಡಿಕೆಯ ಉಪಾಯ ನಡೆಯುತ್ತದೆ. ಅವುಗಳ ತೋಡಿನ ಎರಡೂ ತುದಿ ತೆರೆದಿರುವುದರಿಂದ ಪೆಪ್ಟೈಡ್ ಉದ್ದ 13ರಿಂದ 25ರವರೆಗೆ ಹರಡುತ್ತದೆ. ಅಲ್ಲಿ 9ರ ಕಂಬ ಹುಡುಕಬೇಡಿ. ಒಂದೇ ತಿರುಳಿನ ಸುತ್ತ ಒಂದೆರಡು ಅಮೈನೋ ಆಮ್ಲ ಹೆಚ್ಚುಕಡಿಮೆ ಇರುವ ಪೆಪ್ಟೈಡ್‌ಗಳ ಗುಂಪುಗಳು ಬಂದಿವೆಯಾ ಅಂತ ನೋಡಿ.

ಮಾಡಿದ್ದನ್ನು ಇಡುವ ಬಗ್ಗೆ: ಬಿಡಿ ಪ್ರೋಟೀನನ್ನು ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿ ಇಡಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಪಿಇ (ಫೈಕೋಎರಿಥ್ರಿನ್) ಎಂಬ ಹೊಳೆಯುವ ಬಣ್ಣದ ಟೆಟ್ರಾಮರ್ ಫ್ರೀಜರ್‌ಗೆ ಬೇಡವೇ ಬೇಡ. 4 ಡಿಗ್ರಿಯಲ್ಲಿ, ಕತ್ತಲಲ್ಲಿ, ಮೇಲೆ ಪೆಪ್ಟೈಡ್ ಹೆಸರು ಮತ್ತು ಜೋಡಿಸಿದ ದಿನಾಂಕ ಬರೆದು.